ಕಾಡಿಲ್ಲದೆಯೂ ಬಾಳುವ ಉಣುಗು

ಉಣುಗು ಎಂದೊಡನೆ ಮಲೆನಾಡಿಗರಿಗೆ ನೆನಪಾಗುವುದು ಕಾಡು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಆದರೆ ಘಟ್ಟದ ಕೆಳಗಿನ ಮಂಗಳೂರಿನಲ್ಲಿ ಸಾಕುನಾಯಿಗಳ ರಕ್ತ ಕೆಡಿಸುವ ಉಣುಗು ಬೇರೆ ಜಾತಿಯದು. ಕಂದುಬಣ್ಣದ ಈ ಜೀವಿಗೆ ಕಾಡು ಬೇಕಿಲ್ಲ. ಮುರಕಲ್ಲಿನ ಗೋಡೆಯ ಬಿರುಕು, ನಾಯಿಗೂಡಿನ ಸಂದುಗಳೇ ಸಾಕು. ಹೆಣ್ಣು ಉಣುಗು ಅಲ್ಲಿಯೇ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಕರಾವಳಿಯ ಸೆಕೆಯಲ್ಲಿ ಅದರ ಸಂತಾನಕ್ಕೆ ಬಿಡುವಿಲ್ಲ.

ಅದು ಹರಡುವ ರೋಗಾಣುಗಳಲ್ಲಿ ಬೇಬಿಸಿಯಾ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಎರ್ಲಿಕಿಯಾ ಬಿಳಿ ರಕ್ತಕಣಗಳಲ್ಲಿ ನೆಲೆಸಿ, ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕುಗ್ಗಿಸುತ್ತದೆ. ಜ್ವರ, ಆಹಾರ ಬಿಡುವುದು, ಬಿಳಚಿದ ಒಸಡು, ಕಪ್ಪಾದ ಮೂತ್ರ, ಮೂಗಿನಿಂದ ರಕ್ತಸ್ರಾವ ಇವು ಲಕ್ಷಣಗಳು. ಒಂದಕ್ಕೆ ಕೊಡುವ ಔಷಧಿ ಇನ್ನೊಂದನ್ನು ಗುಣಪಡಿಸದು. ಆದುದರಿಂದ ಊಹೆಯ ಚಿಕಿತ್ಸೆಗಿಂತ ರಕ್ತಪರೀಕ್ಷೆ ಮೊದಲಾಗಬೇಕು.

ಬೀದಿ ಅಲೆಯುವ, ಇತರ ನಾಯಿಗಳೊಡನೆ ಬೆರೆಯುವ ನಾಯಿಗಳಿಗೆ ಅಪಾಯ ಹೆಚ್ಚು. ಆದರೆ ಕಟ್ಟಿಹಾಕಿದ ನಾಯಿಯೂ ಸುರಕ್ಷಿತವಲ್ಲ. ಉಣುಗು ತನ್ನ ಬಾಳಿನ ಬಹುಪಾಲನ್ನು ಕಳೆಯುವುದು ನಾಯಿಯ ಮೈಮೇಲಲ್ಲ, ಗೂಡಿನ ಬಿರುಕಿನಲ್ಲಿ. ಮೈ ಮಾತ್ರ ಶುಚಿಗೊಳಿಸಿ ಗೂಡನ್ನು ಮರೆತರೆ ಶ್ರಮವೆಲ್ಲ ವ್ಯರ್ಥ.

ಹಾಗೆಂದು ತೋಟಕ್ಕೆ ಸಿಂಪಡಿಸುವ ಕೀಟನಾಶಕವನ್ನು ನಾಯಿಗೆ ಬಳಿಯುವುದು ಸಲ್ಲದು. ಮೈ ನೆಕ್ಕಿದ ನಾಯಿಗೆ ವಿಷವೇರುತ್ತದೆ. ತೊಳೆದ ನೀರು ತೋಡಿಗಿಳಿದು ಮೀನುಗಳನ್ನು ಕೊಲ್ಲುತ್ತದೆ. ಬಿರುಕು ಮುಚ್ಚುವುದು, ಹಾಸು ಕುದಿನೀರಿನಲ್ಲಿ ತೊಳೆಯುವುದು, ಪಶುವೈದ್ಯರು ಸೂಚಿಸಿದ ಔಷಧಿಯನ್ನು ತಪ್ಪದೆ ಬಳಸುವುದು ಇವೇ ಸರಿಯಾದ ಮಾರ್ಗ.

ಮಂಗಳೂರಿನಿಂದ ಮಲೆನಾಡಿಗೆ ನಾಯಿಮರಿ ತರುವವರು ಘಟ್ಟ ಹತ್ತುವ ಮೊದಲೇ ಅದರ ಕಿವಿ, ಬೆರಳಸಂದುಗಳನ್ನು ಪರೀಕ್ಷಿಸಲಿ. ಮರಿಯೊಡನೆ ಉಣುಗೂ ಊರು ಸೇರದಿರಲಿ.