ಚಿನ್ನದ ದಿಕ್ಸೂಚಿ: ಚಿತ್ರ ನಿಂತಿತು, ಪ್ರಶ್ನೆ ನಿಲ್ಲಲಿಲ್ಲ

ಮಕ್ಕಳಿಗಾಗಿ ತಯಾರಾದ ಸಿನಿಮಾವೊಂದು ನಮ್ಮ ವಿಶ್ವಾಸವನ್ನು ಹೀಯಾಳಿಸುತ್ತದೆ ಎಂದು ಕಂಡುಬಂದಾಗ ಕ್ರೈಸ್ತ ಹೆತ್ತವರು ಏನು ಮಾಡಬೇಕು? ಬಹಿಷ್ಕರಿಸಬೇಕೇ? ಕಂಡೂ ಕಾಣದಂತೆ ಸುಮ್ಮನಿರಬೇಕೇ? ಅಥವಾ ಮಕ್ಕಳ ಜೊತೆ ಕುಳಿತು ನೋಡಿ, ಆಮೇಲೆ ಮಾತನಾಡಬೇಕೇ? 2007ರ ಡಿಸೆಂಬರ್‌ನಲ್ಲಿ ‘ದಿ ಗೋಲ್ಡನ್ ಕಂಪಾಸ್’ ಎಂಬ ಇಂಗ್ಲಿಷ್ ಚಿತ್ರ ತೆರೆಗೆ ಬಂದಾಗ ಅಮೆರಿಕದ ಕಥೋಲಿಕರ ಮುಂದೆ ಈ ಪ್ರಶ್ನೆ ಬಹಳ ತೀವ್ರವಾಗಿ ನಿಂತಿತ್ತು. ಆ ಕಥೆಯ ಲೇಖಕ ಫಿಲಿಪ್ ಪುಲ್‌ಮನ್ 1995ರಲ್ಲಿ ಆರಂಭಿಸಿದ ಲೈರಾ ಎಂಬ ಹುಡುಗಿಯ ಕಥೆಯನ್ನು 2025ರ ಅಕ್ಟೋಬರ್‌ನಲ್ಲಿ ‘ದಿ ರೋಸ್ ಫೀಲ್ಡ್’ ಎಂಬ ಕೊನೆಯ ಸಂಪುಟದೊಂದಿಗೆ ಮುಗಿಸಿದ್ದಾರೆ. ಕಥೆ ಮುಗಿದಿರುವ ಈ ಹೊತ್ತಿನಲ್ಲಿ, ಅಂದಿನ ವಿರೋಧದಿಂದ ಏನು ಸಾಧಿತವಾಯಿತು ಎಂದು ಶಾಂತವಾಗಿ ತೂಗಿ ನೋಡುವುದು ಒಳ್ಳೆಯದು ಎಂದು ನಾವು ಭಾವಿಸುತ್ತೇವೆ.

ಆಕ್ಷೇಪಕ್ಕೆ ಆಧಾರವಿತ್ತು

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸೋಣ. ಅಂದು ಆಕ್ಷೇಪ ಎತ್ತಿದವರು ಇಲ್ಲದ್ದನ್ನು ಕಲ್ಪಿಸಿಕೊಂಡವರಲ್ಲ. ಪುಲ್‌ಮನ್ ದೇವರನ್ನು ನಂಬದವರು. ಆಂಗ್ಲಿಕನ್ ಪಾದ್ರಿಯೊಬ್ಬರ ಮೊಮ್ಮಗನಾಗಿದ್ದರೂ, ಸಂಘಟಿತ ಧರ್ಮದ ಬಗ್ಗೆ ತಮಗಿರುವ ಕೋಪವನ್ನು ಅವರು ಎಂದೂ ಬಚ್ಚಿಟ್ಟವರಲ್ಲ. ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಕಥೆಗಳನ್ನು 1998ರಲ್ಲೇ ಪತ್ರಿಕೆಯಲ್ಲಿ ಕಟುವಾಗಿ ಟೀಕಿಸಿದ್ದರು.

ಅವರ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಮೂರು ಸಂಪುಟಗಳ ಕಥೆ. 1995, 1997 ಮತ್ತು 2000ರಲ್ಲಿ ಅವು ಹೊರಬಂದವು. ಆ ಕಥಾಲೋಕದಲ್ಲಿ ಪ್ರತಿಯೊಬ್ಬನ ಆತ್ಮವೂ ಒಂದು ಪ್ರಾಣಿಯ ರೂಪದಲ್ಲಿ ಅವನ ಜೊತೆಗೇ ಓಡಾಡುತ್ತಿರುತ್ತದೆ. ಅಲ್ಲಿ ಅಧಿಕಾರ ನಡೆಸುವ ಧರ್ಮಸಂಸ್ಥೆಯ ಹೆಸರು ‘ಮೆಜಿಸ್ಟೀರಿಯಮ್’. ನಮಗೆ ಇದು ಪರಿಚಿತ ಪದ. ಪೋಪ್ ಮತ್ತು ಅವರೊಂದಿಗೆ ಒಂದಾಗಿರುವ ಧರ್ಮಾಧ್ಯಕ್ಷರ ಬೋಧನಾಧಿಕಾರಕ್ಕೆ ನಾವು ಬಳಸುವ ಪದವೇ ಅದು. ಈ ಸಂಸ್ಥೆಗೆ ಸೇರಿದವರು ಮಕ್ಕಳನ್ನು ಕದ್ದು ದೂರದ ಹಿಮನಾಡಿಗೆ ಒಯ್ದು, ಅವರನ್ನು ಅವರ ಆತ್ಮದಿಂದ ಕತ್ತರಿಸಿ ಬೇರ್ಪಡಿಸುತ್ತಾರೆ. ಮೂರನೆಯ ಸಂಪುಟದಲ್ಲಿ ದೇವರೆಂದು ಹೇಳಿಕೊಂಡವನು ಮುದಿಯಾಗಿ, ಶಕ್ತಿಗುಂದಿ, ಗಾಳಿಯಲ್ಲಿ ಕರಗಿ ಹೋಗುತ್ತಾನೆ. ಇಂಥ ಕಥೆಯನ್ನು ಹತ್ತು ವರ್ಷದ ಮಗು ಓದುವಾಗ ಹೆತ್ತವರಿಗೆ ಅಳುಕು ಹುಟ್ಟಿದರೆ ಅದನ್ನು ಸಂಕುಚಿತ ಬುದ್ಧಿ ಎಂದು ಜರೆಯುವುದು ನ್ಯಾಯವಲ್ಲ.

ಆದರೆ ಸಿನಿಮಾ ಬೇರೆಯೇ ಆಗಿತ್ತು. ಕ್ರಿಸ್ ವೈಟ್ಜ್ ನಿರ್ದೇಶಿಸಿದ ಈ ಚಿತ್ರಕ್ಕೆ ನ್ಯೂ ಲೈನ್ ಸಿನಿಮಾ ಕಂಪೆನಿ ಸುಮಾರು 18 ಕೋಟಿ ಡಾಲರ್ ಸುರಿದಿತ್ತು. ಅಷ್ಟು ಹಣ ಹೂಡಿದವರು ಕ್ರೈಸ್ತ ಪ್ರೇಕ್ಷಕರನ್ನು ಕಳೆದುಕೊಳ್ಳಲು ಸಿದ್ಧರಿರಲಿಲ್ಲ. ಹಾಗಾಗಿ ಚಿತ್ರದಲ್ಲಿ ಧರ್ಮಸಭೆಯ ನೇರ ಉಲ್ಲೇಖಗಳನ್ನು ತೆಗೆದು, ‘ಮೆಜಿಸ್ಟೀರಿಯಮ್’ ಅನ್ನು ಯಾವುದೋ ಒಂದು ಸರ್ವಾಧಿಕಾರಿ ಆಡಳಿತದಂತೆ ತೋರಿಸಿದರು.

ಬಹಿಷ್ಕಾರದ ಕರೆ

ಅಮೆರಿಕದಲ್ಲಿ ಕಥೋಲಿಕ್ ಲೀಗ್ ಎಂಬ ಸಂಸ್ಥೆಯಿದೆ. ಇದು ಧರ್ಮಾಧ್ಯಕ್ಷರ ಅಧಿಕೃತ ಅಂಗವಲ್ಲ, 1973ರಲ್ಲಿ ಯೇಸುಸಭೆಯ ಯಾಜಕರೊಬ್ಬರು ಹುಟ್ಟುಹಾಕಿದ, ಶ್ರೀಸಾಮಾನ್ಯರ ಸಂಘಟನೆ. ಇದರ ಅಧ್ಯಕ್ಷ ವಿಲಿಯಂ ಡೊನೊಹ್ಯೂ 2007ರ ಅಕ್ಟೋಬರ್‌ನಲ್ಲೇ ಬಹಿಷ್ಕಾರದ ಕರೆ ಕೊಟ್ಟರು, ಕಿರುಪುಸ್ತಕವನ್ನೂ ಹೊರತಂದರು. ಅವರ ವಾದ ಸರಳವಾಗಿತ್ತು: ಚಿತ್ರ ಸಪ್ಪೆಯಾಗಿರಬಹುದು, ಆದರೆ ಅದು ಗಾಳದ ತುದಿಯ ಎರೆ. ಚಿತ್ರ ನೋಡಿ ಮೆಚ್ಚಿದ ಮಗು ಕ್ರಿಸ್ಮಸ್ ಉಡುಗೊರೆಯಾಗಿ ಪುಸ್ತಕ ಕೇಳುತ್ತದೆ, ಏನೂ ತಿಳಿಯದ ಹೆತ್ತವರು ಕೊಡಿಸುತ್ತಾರೆ, ವಿಷ ಇರುವುದು ಆ ಪುಸ್ತಕಗಳಲ್ಲಿ. ಕೆನಡಾದ ಒಂಟಾರಿಯೊದಲ್ಲಿ ಹಾಲ್ಟನ್ ಕಥೋಲಿಕ ಶಾಲಾ ಮಂಡಳಿ ಈ ಪುಸ್ತಕವನ್ನು ಶಾಲಾ ಗ್ರಂಥಾಲಯದ ಕಪಾಟಿನಿಂದ ತೆಗೆಸಿತು. ಡಿಸೆಂಬರ್ ತಿಂಗಳಲ್ಲಿ ವ್ಯಾಟಿಕನ್ನಿನ ಪತ್ರಿಕೆ ‘ಲೊಸ್ಸೆರ್ವತೋರೆ ರೊಮಾನೊ’ ಸಹ ಚಿತ್ರವನ್ನು ತೀವ್ರವಾಗಿ ಖಂಡಿಸಿತು.

ಫಲಿತಾಂಶವೇನಾಯಿತು? ಅಮೆರಿಕದಲ್ಲಿ ಚಿತ್ರ ಗಳಿಸಿದ್ದು ಸುಮಾರು 7 ಕೋಟಿ ಡಾಲರ್ ಮಾತ್ರ. ಮುಂದಿನ ಎರಡು ಭಾಗಗಳು ತಯಾರಾಗಲೇ ಇಲ್ಲ. ಚಿತ್ರದಲ್ಲಿ ನಟಿಸಿದ್ದ ಸ್ಯಾಮ್ ಎಲಿಯಟ್ ಇದಕ್ಕೆ ಕಥೋಲಿಕ ಧರ್ಮಸಭೆಯೇ ಕಾರಣ ಎಂದು ಮುಂದೆ ದೂರಿದರು. ಬಹಿಷ್ಕಾರ ಗೆದ್ದಿತು ಎಂದು ಅನೇಕರು ಸಂತೋಷಪಟ್ಟರು.

ಲೆಕ್ಕವನ್ನು ಪೂರ್ತಿ ನೋಡಿದರೆ ಮಾತ್ರ ಚಿತ್ರಣ ಬೇರೆಯಾಗುತ್ತದೆ. ಅಮೆರಿಕದ ಹೊರಗೆ ಇದೇ ಚಿತ್ರ ಸುಮಾರು 30 ಕೋಟಿ ಡಾಲರ್ ಗಳಿಸಿತು. ಆದರೆ ನ್ಯೂ ಲೈನ್ ಕಂಪೆನಿ ಹೊರದೇಶಗಳ ಹಕ್ಕನ್ನು ಮೊದಲೇ ಮಾರಿಬಿಟ್ಟಿತ್ತು. ಹಾಗಾಗಿ ಆ ಲಾಭ ಅದರ ಕೈಗೆ ಬರಲಿಲ್ಲ. 2008ರಲ್ಲಿ ಆ ಕಂಪೆನಿ ತನ್ನ ಸ್ವತಂತ್ರ ಅಸ್ತಿತ್ವ ಕಳೆದುಕೊಂಡು ವಾರ್ನರ್ ಬ್ರದರ್ಸ್‌ನಲ್ಲಿ ಸೇರಿಹೋಯಿತು. ಪುಸ್ತಕವನ್ನು ಮೆಚ್ಚಿದವರಿಗೂ ಚಿತ್ರ ಹಿಡಿಸಲಿಲ್ಲ. ಕಥೆಯ ತಿರುಳನ್ನೇ ತೆಗೆದಿದ್ದಾರೆ, ಕೊನೆಯ ಅಧ್ಯಾಯಗಳನ್ನೇ ಕೈಬಿಟ್ಟಿದ್ದಾರೆ ಎಂಬುದು ಅವರ ಬೇಸರ. ಅಂದರೆ ಚಿತ್ರ ಬಿದ್ದದ್ದಕ್ಕೆ ಕಾರಣಗಳು ಹಲವು. ಬಹಿಷ್ಕಾರ ಅವುಗಳಲ್ಲಿ ಒಂದು.

ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. 2019ರಿಂದ 2022ರವರೆಗೆ ಬಿಬಿಸಿ ಮತ್ತು ಎಚ್‌ಬಿಒ ಸೇರಿ ಇದೇ ಕಥೆಯನ್ನು ಮೂರು ಸರಣಿಗಳಲ್ಲಿ ಟಿವಿಗೆ ತಂದವು. ಈ ಬಾರಿ ‘ಮೆಜಿಸ್ಟೀರಿಯಮ್’ನ ಕಾರ್ಡಿನಲರನ್ನು, ಯಾಜಕರನ್ನು ಮರೆಮಾಚಲಿಲ್ಲ. ಮೂರೂ ಸಂಪುಟಗಳ ಕಥೆ ಪೂರ್ತಿಯಾಗಿ ಬಂತು. 2007ರಲ್ಲಿ ಸಪ್ಪೆ ಮಾಡಿ ಬಡಿಸಿದ್ದನ್ನು ತಡೆದೆವು. ಹನ್ನೆರಡು ವರ್ಷಗಳ ನಂತರ ಅದೇ ಅಡುಗೆ ಪೂರ್ಣ ಖಾರದೊಂದಿಗೆ ಬಂತು, ಅದೂ ಥಿಯೇಟರಿಗಲ್ಲ, ನೇರ ಮನೆಯೊಳಗೆ! ಸಿನಿಮಾವನ್ನು ತಡೆಯಬಹುದು. ಅದು ಕೇಳುವ ಪ್ರಶ್ನೆಯನ್ನು ತಡೆಯಲಾಗದು.

ಹಿಂತೆಗೆದ ವಿಮರ್ಶೆ

ಅಂದು ನಡೆದ ಇನ್ನೊಂದು ಘಟನೆ ಅಷ್ಟಾಗಿ ಚರ್ಚೆಯಾಗಲಿಲ್ಲ. ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಗೆ ಆಗ ತನ್ನದೇ ಚಲನಚಿತ್ರ ವಿಮರ್ಶೆಯ ಕಚೇರಿಯಿತ್ತು. ಅಲ್ಲಿನ ವಿಮರ್ಶಕರು ಚಿತ್ರವನ್ನು ನೋಡಿ, ಇದು ವಯಸ್ಕರಿಗೂ ಹದಿಹರೆಯದವರಿಗೂ ತಕ್ಕದ್ದು ಎಂದು ವರ್ಗೀಕರಿಸಿದರು. ಲೇಖಕರ ನಿಲುವೇನೆಂಬುದನ್ನು ಅವರು ಮುಚ್ಚಿಡಲಿಲ್ಲ. ಆದರೆ ನಿಷೇಧಿಸುವ ಬದಲು ಹೆತ್ತವರು ಇದನ್ನೇ ಅವಕಾಶ ಮಾಡಿಕೊಂಡು ಮಕ್ಕಳೊಡನೆ ಮಾತನಾಡಲಿ ಎಂಬುದು ಅವರ ಸಲಹೆಯಾಗಿತ್ತು. ಚಿತ್ರ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಆ ವಿಮರ್ಶೆಯನ್ನು ಹಿಂತೆಗೆಯಲಾಯಿತು.

ಇದು ವಿಷಾದಕರ ಎಂದು ನಾವು ಹೇಳಲೇಬೇಕು. ವಿಮರ್ಶಕರ ಅಭಿಪ್ರಾಯ ಒಪ್ಪಿಗೆಯಾಗದಿದ್ದರೆ ಪಕ್ಕದಲ್ಲೇ ಇನ್ನೊಂದು ಅಭಿಪ್ರಾಯ ಪ್ರಕಟಿಸಬಹುದಿತ್ತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾಮಾಜಿಕ ಸಂಪರ್ಕ ಮಾಧ್ಯಮಗಳ ಕುರಿತು ಹೊರಡಿಸಿದ ಆದೇಶಪತ್ರ ‘ಇಂತೆರ್ ಮಿರಿಫಿಕಾ’ದಲ್ಲಿ ಎರಡು ಮಾತುಗಳು ಒಟ್ಟಿಗೇ ಬರುತ್ತವೆ. ವಿಶ್ವಾಸಕ್ಕೂ ನೀತಿಗೂ ಕೇಡು ತರುವ ಪ್ರದರ್ಶನಗಳು ಮನೆಯ ಹೊಸ್ತಿಲು ದಾಟದಂತೆ ನೋಡಿಕೊಳ್ಳುವುದು ಹೆತ್ತವರ ಕರ್ತವ್ಯ ಎಂಬುದು ಒಂದು. ಯುವಜನರು ತಾವು ನೋಡಿದ್ದನ್ನು, ಓದಿದ್ದನ್ನು ತಿಳಿದವರೊಂದಿಗೆ ಚರ್ಚಿಸಿ ಸರಿಯಾದ ತೀರ್ಮಾನಕ್ಕೆ ಬರುವುದನ್ನು ಕಲಿಯಬೇಕು ಎಂಬುದು ಇನ್ನೊಂದು. ಮೊದಲನೆಯದು ಪುಟ್ಟ ಮಕ್ಕಳಿಗೆ ಬೇಲಿ. ಎರಡನೆಯದು ಬೇಲಿ ದಾಟುವ ವಯಸ್ಸಿನವರಿಗೆ ಬುತ್ತಿ. ಬೇಲಿ ಕಟ್ಟುವುದರಲ್ಲೇ ಶಕ್ತಿಯನ್ನೆಲ್ಲ ಕಳೆದರೆ ಬುತ್ತಿ ಕಟ್ಟುವವರು ಯಾರು? ನಿಷೇಧಿತ ಗ್ರಂಥಗಳ ಪಟ್ಟಿಯನ್ನು ಧರ್ಮಸಭೆ 1966ರಲ್ಲೇ ಕೈಬಿಟ್ಟಿತು. ಆ ಹೊಣೆ ಈಗ ವಿಶ್ವಾಸಿಯ ತಿಳುವಳಿಕೆಯ ಮೇಲಿದೆ.

ಎಲ್ಲಿ ಯೇಸು?

ಇಂಗ್ಲೆಂಡಿನಲ್ಲಿ ಇದೇ ಕಥೆಗೆ ಬೇರೆ ಬಗೆಯ ಪ್ರತಿಕ್ರಿಯೆ ಬಂದಿತ್ತು. ಲಂಡನ್ನಿನ ನ್ಯಾಷನಲ್ ಥಿಯೇಟರ್ ಇದನ್ನು ನಾಟಕವಾಗಿ ಆಡಿಸಿದಾಗ, ಅಂದಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಅದನ್ನು ನೋಡಿದರು. 2004ರ ಮಾರ್ಚ್‌ನಲ್ಲಿ ಪುಲ್‌ಮನ್ ಜೊತೆ ಸಾರ್ವಜನಿಕ ಸಂವಾದದಲ್ಲಿ ಕುಳಿತರು. ಅವರು ಗಮನಿಸಿದ್ದು ಇಷ್ಟು: ಈ ಕಥೆಯಲ್ಲಿ ಸಾಯುವವನು ಸೃಷ್ಟಿಕರ್ತನೇ ಅಲ್ಲ. ತಾನೇ ಸೃಷ್ಟಿಕರ್ತ ಎಂದು ಸುಳ್ಳು ಹೇಳಿ ಗದ್ದುಗೆ ಹಿಡಿದ ಒಬ್ಬ ದೂತ ಅವನು. ಅಂಥ ದೇವರನ್ನು ಕ್ರೈಸ್ತರೂ ನಂಬುವುದಿಲ್ಲ. ಮತ್ತೆ, ಈ ಕಥೆಯ ಧರ್ಮಸಭೆಯಲ್ಲಿ ಕ್ರಿಸ್ತನೇ ಇಲ್ಲ! ವಿಮೋಚಕನಿಲ್ಲದೆ ಬರೀ ಅಧಿಕಾರ ಉಳಿದರೆ ಧರ್ಮಸಭೆ ಹೀಗೇ ಕಾಣುತ್ತದೆ.

ನಿಮ್ಮ ಕಥೆಯಲ್ಲಿ ಯೇಸು ಎಲ್ಲಿ ಎಂಬ ಆ ಪ್ರಶ್ನೆ ಪುಲ್‌ಮನ್ ಅವರನ್ನು ಬಿಡಲಿಲ್ಲ. 2010ರಲ್ಲಿ ಅವರು ಯೇಸುವಿನ ಬಗ್ಗೆಯೇ ಒಂದು ಪುಸ್ತಕ ಬರೆದರು; ಆರ್ಚ್‌ಬಿಷಪ್ಪರ ಪ್ರಶ್ನೆಯೂ ಅದಕ್ಕೊಂದು ಪ್ರೇರಣೆ ಎಂದು ಹೇಳಿಕೊಂಡರು. ಆ ಪುಸ್ತಕ ನಮ್ಮ ವಿಶ್ವಾಸಕ್ಕೆ ಒಪ್ಪುವಂಥದ್ದಲ್ಲ. ಆದರೂ ಬಹಿಷ್ಕಾರ ಮಾಡಲಾಗದ ಕೆಲಸವನ್ನು ಒಂದು ಪ್ರಶ್ನೆ ಮಾಡಿತು: ನಂಬದವನೊಬ್ಬ ಶುಭಸಂದೇಶಗಳ ಮುಂದೆ ಕುಳಿತು ಯೇಸುವಿನ ಬಗ್ಗೆ ಯೋಚಿಸುವಂತಾಯಿತು.

ಇಂಥದ್ದಕ್ಕೆ ನಮ್ಮ ಧರ್ಮಸಭೆಯಲ್ಲೂ ನಿದರ್ಶನವಿದೆ. ಇಟಲಿಯ ನಿರ್ದೇಶಕ ಪಸೋಲಿನಿ ನಾಸ್ತಿಕ, ಮಾರ್ಕ್ಸ್‌ವಾದಿ. 1963ರಲ್ಲಿ ಧರ್ಮನಿಂದನೆಗಾಗಿ ಅಲ್ಲಿನ ನ್ಯಾಯಾಲಯ ಅವರನ್ನು ದೋಷಿ ಎಂದಿತ್ತು. ಆದರೆ 1962ರಲ್ಲೇ ಅಸಿಸಿಯ ಕಥೋಲಿಕ ಕೇಂದ್ರವೊಂದರಲ್ಲಿ ಅತಿಥಿಯಾಗಿ ತಂಗಿದ್ದಾಗ ಅವರು ಶುಭಸಂದೇಶ ಓದಿದ್ದರು. 1964ರಲ್ಲಿ ಸಂತ ಮತ್ತಾಯನ ಶುಭಸಂದೇಶವನ್ನೇ ಸಿನಿಮಾ ಮಾಡಿ ಪೋಪ್ 23ನೇ ಯೊವಾನ್ನರ ನೆನಪಿಗೆ ಅರ್ಪಿಸಿದರು. 1995ರಲ್ಲಿ, ಸಿನಿಮಾಕ್ಕೆ ನೂರು ತುಂಬಿದಾಗ, ವ್ಯಾಟಿಕನ್ ಆರಿಸಿದ 45 ಮಹತ್ವದ ಚಿತ್ರಗಳಲ್ಲಿ ಅದೂ ಸೇರಿತು. ಅಸಿಸಿಯ ಆ ಬಾಗಿಲು ಅವರ ಪಾಲಿಗೆ ಮುಚ್ಚಿರುತ್ತಿದ್ದರೆ?

ನೋಯಿಸಿದ ಚಿತ್ರ

ಇನ್ನು ನಾವು ಹೇಳಲೇಬೇಕಾದ ಕಷ್ಟದ ಮಾತೊಂದಿದೆ. ಧರ್ಮಸಂಸ್ಥೆಯೊಂದು ಮಕ್ಕಳನ್ನು ಗುಟ್ಟಾಗಿ ಹಾಳುಮಾಡುವ ಕಥೆ ಅಮೆರಿಕದ ಕಥೋಲಿಕರನ್ನು ಅಷ್ಟೊಂದು ಚುಚ್ಚಿದ್ದೇಕೆ? ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಟ್ಟ ಪ್ರಕರಣಗಳು ಬಾಸ್ಟನ್‌ನಲ್ಲಿ 2002ರಲ್ಲಿ ಬೆಳಕಿಗೆ ಬಂದು, ಆ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಕಾರ್ಡಿನಲರು ರಾಜೀನಾಮೆ ಕೊಟ್ಟಿದ್ದರು. ಈ ಚಿತ್ರ ಬಿಡುಗಡೆಯಾದ 2007ರಲ್ಲೇ, ಜುಲೈ ತಿಂಗಳಲ್ಲಿ, ಲಾಸ್ ಏಂಜಲೀಸ್ ಮಹಾಧರ್ಮಪ್ರಾಂತ್ಯ 508 ಸಂತ್ರಸ್ತರಿಗೆ 66 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತ್ತು. ಪುಲ್‌ಮನ್ ತಮ್ಮ ಕಥೆ ಬರೆದದ್ದು ಇವೆಲ್ಲ ಬಯಲಾಗುವುದಕ್ಕೆ ಮುಂಚೆ. ಆದರೆ ಪ್ರೇಕ್ಷಕರು ಚಿತ್ರಮಂದಿರಕ್ಕೆ ಬಂದದ್ದು ಈ ಸುದ್ದಿಗಳನ್ನು ಓದಿದ ಮೇಲೆ.

ಸುಳ್ಳು ಆರೋಪ ನೋಯಿಸುತ್ತದೆ. ಅರ್ಧ ಸತ್ಯ ಬೆರೆತ ಆರೋಪ ಇನ್ನಷ್ಟು ನೋಯಿಸುತ್ತದೆ. ಅದಕ್ಕೆ ಭಿತ್ತಿಪತ್ರ ಹಿಡಿದು ಉತ್ತರ ಕೊಡಲಾಗದು. ಮಕ್ಕಳನ್ನು ಹಿಂಸಿಸುವ ಧರ್ಮಸಭೆಯ ಕಥೆಗೆ ನಿಜವಾದ ಉತ್ತರವೆಂದರೆ ಮಕ್ಕಳು ನಿರ್ಭಯವಾಗಿ ಇರಬಹುದಾದ ಧರ್ಮಸಭೆ. ಪೋಪ್ ಫ್ರಾನ್ಸಿಸ್ 2019ರಲ್ಲಿ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಎಂಬ ಶಾಸನದ ಮೂಲಕ, ದೂರು ಕೊಡಲು ಜನರಿಗೆ ಸುಲಭವಾಗಿ ಸಿಗುವ ವ್ಯವಸ್ಥೆ ಪ್ರತಿಯೊಂದು ಧರ್ಮಪ್ರಾಂತ್ಯದಲ್ಲೂ ಇರಬೇಕೆಂದು ವಿಧಿಸಿದರು. ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯ್ದೆಯಿದೆ. ನಮ್ಮ ಧರ್ಮಕೇಂದ್ರದಲ್ಲಿ ಒಂದು ಮಗುವಿಗೆ ತೊಂದರೆಯಾದರೆ ಯಾರಿಗೆ ಹೇಳಬೇಕು ಎಂದು ಆ ಮಗುವಿಗೆ ತಿಳಿದಿದೆಯೇ? ಅದರ ತಾಯಿಗೆ ತಿಳಿದಿದೆಯೇ? ಸಿನಿಮಾದ ಬಗ್ಗೆ ಸಿಟ್ಟಾಗುವ ಮುನ್ನ ನಮ್ಮ ಪಾಲನಾ ಮಂಡಳಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ನಮ್ಮ ಮನೆಗಳಲ್ಲಿ

ಇಂದು ಕರಾವಳಿಯ ನಮ್ಮ ಮನೆಗಳಲ್ಲೂ ಮಕ್ಕಳ ಕೈಗೆ ಲೋಕದ ಕಥೆಗಳೆಲ್ಲ ಮೊಬೈಲಿನಲ್ಲೇ ಸಿಗುತ್ತವೆ. ಯಾವ ಚಿತ್ರವನ್ನು ಬಹಿಷ್ಕರಿಸಬೇಕು ಎಂಬ ಪಟ್ಟಿ ನಮ್ಮ ಕೈ ಸೇರುವಷ್ಟರಲ್ಲಿ ಮಗು ಅದನ್ನು ನೋಡಿ ಮುಗಿಸಿರುತ್ತದೆ. ಹೀಗಿರುವಾಗ ಹೆತ್ತವರಿಗೂ ಧರ್ಮೋಪದೇಶ ಶಿಕ್ಷಕರಿಗೂ ನಮ್ಮ ಸಲಹೆ ಸರಳ. ಪುಟ್ಟ ಮಕ್ಕಳಿಗೆ ಇಂಥ ಕಥೆ ಬೇಡ ಎನ್ನಲು ಹಿಂಜರಿಯಬೇಡಿ, ಅದು ನಿಮ್ಮ ಹಕ್ಕು. ಆದರೆ ಬೇಡ ಎನ್ನುವ ಮೊದಲು ನೀವು ನೋಡಿ, ಓದಿ. ಯಾರೋ ಕಳುಹಿಸಿದ ಸಂದೇಶವನ್ನು ನಂಬಿ ಖಂಡಿಸಬೇಡಿ. ಹದಿಹರೆಯದವರು ನೋಡಿದ್ದರೆ ಬೈಯುವ ಬದಲು ಕೇಳಿ: ಈ ಕಥೆಯ ದೇವರು ನಾವು ಪ್ರಾರ್ಥಿಸುವ ದೇವರೇ? ಶಿಲುಬೆಗೇರಿದ ಯೇಸು ಈ ಕಥೆಯಲ್ಲಿ ಏಕಿಲ್ಲ? ಉತ್ತರ ಗೊತ್ತಿಲ್ಲದಿದ್ದರೆ ಧರ್ಮಗುರುಗಳನ್ನು ಕೇಳಿ. ನಮ್ಮ ಯಾಜಕರೂ ಇಂಥ ಪ್ರಶ್ನೆಗಳಿಗೆ ಸಮಯ ಕೊಡಲಿ. ನಮ್ಮ ಭರವಸೆಗೆ ಕಾರಣ ಕೇಳುವವರಿಗೆ ಉತ್ತರಿಸಲು ಸಿದ್ಧರಾಗಿರಬೇಕೆಂದ ಸಂತ ಪೇತ್ರರು, ಆ ಉತ್ತರ ಸೌಮ್ಯವಾಗಿಯೂ ಇರಬೇಕೆಂದು ಬುದ್ಧಿ ಹೇಳಿದ್ದಾರೆ.

ಜನರು ಮಕ್ಕಳನ್ನು ಕರೆತಂದಾಗ ಶಿಷ್ಯರು ಅಡ್ಡ ನಿಂತರು. ಗುರುವಿನ ಗೌರವ ಕಾಪಾಡುತ್ತಿದ್ದೇವೆ ಎಂದು ಅವರು ಅಂದುಕೊಂಡಿರಬಹುದು. ಆದರೆ ಪ್ರಭು ಯೇಸು ಸಿಟ್ಟಾದದ್ದು ಮಕ್ಕಳ ಮೇಲಲ್ಲ, ಆ ಶಿಷ್ಯರ ಮೇಲೆ. ಪ್ರಶ್ನೆ ಹೊತ್ತು ಬರುವ ನಮ್ಮ ಮಕ್ಕಳಿಗೆ ನಾವು ಅಡ್ಡ ನಿಲ್ಲದಿರೋಣ.