ಕ್ಷಮೆಯ ಜೊತೆಗೇ ಬರಬೇಕಿದ್ದ ಪರಿಹಾರ

2008ರ ಫೆಬ್ರವರಿ 13ರಂದು ಕ್ಯಾನ್‌ಬೆರಾದ ಸಂಸತ್ತಿನಲ್ಲಿ ಪ್ರಧಾನಿ ಕೆವಿನ್ ರಡ್ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕ್ಷಮೆ ಕೇಳಿದರು. ಹೆತ್ತವರಿಂದ ಸರ್ಕಾರವೇ ಕಿತ್ತೊಯ್ದಿದ್ದ ಮಕ್ಕಳು, ಈಗ ತಲೆ ನರೆತವರು, ಗ್ಯಾಲರಿಯಲ್ಲಿ ಕೂತು ಅತ್ತರು. ಹಿಂದಿನ ಪ್ರಧಾನಿ ಜಾನ್ ಹೊವಾರ್ಡ್ ಅಧಿಕಾರದಲ್ಲಿದ್ದಷ್ಟು ಕಾಲವೂ ಆಡಲೊಪ್ಪದ ಮಾತನ್ನು ರಡ್ ಆಡಿದರು. ಅದಕ್ಕಾಗಿ ಅವರಿಗೆ ಗೌರವ ಸಲ್ಲಲೇಬೇಕು. ಆದರೆ ಪರಿಹಾರ ನಿಧಿ ಇರುವುದಿಲ್ಲ ಎಂದು ಅವರ ಸರ್ಕಾರ ಮುಂಚೆಯೇ ಹೇಳಿಬಿಟ್ಟಿತ್ತು. ಈ ನಿರ್ಧಾರ ಆ ಕ್ಷಮೆಯ ಅರ್ಧ ಬಲವನ್ನು ಕಸಿದುಕೊಂಡಿತು.

ನಡೆದದ್ದೇನು? ಈ ಮಕ್ಕಳ ಕುರಿತ 1997ರ ವಿಚಾರಣಾ ವರದಿಯ ಪ್ರಕಾರ 1910ರಿಂದ 1970ರವರೆಗೆ ಮೂಲನಿವಾಸಿಗಳ ಹತ್ತು ಮಕ್ಕಳಲ್ಲಿ ಕನಿಷ್ಠ ಒಂದನ್ನು, ಕೆಲವೆಡೆ ಮೂರರಲ್ಲಿ ಒಂದನ್ನು, ಬಲವಂತವಾಗಿ ಒಯ್ಯಲಾಗಿತ್ತು. ನ್ಯೂ ಸೌತ್ ವೇಲ್ಸ್‌ನ ಕಿಂಚೆಲಾ ಬಾಲಕರ ನಿಲಯದಲ್ಲಿ ಹುಡುಗರನ್ನು ಹೆಸರಿನಿಂದಲ್ಲ, ಅಂಕಿಯಿಂದ ಕರೆಯುತ್ತಿದ್ದರು. 1957ರ ಕ್ರಿಸ್‌ಮಸ್ ದಿನ ದಕ್ಷಿಣ ಆಸ್ಟ್ರೇಲಿಯಾದ ಹದಿಮೂರು ತಿಂಗಳ ಕೂಸೊಂದನ್ನು ಹೊಟ್ಟೆನೋವೆಂದು ಆಸ್ಪತ್ರೆಗೆ ಸೇರಿಸಿದರು. ಅಧಿಕಾರಿಗಳು ಅದನ್ನು ಬೇರೆ ಮನೆಗೆ ಕೊಟ್ಟುಬಿಟ್ಟರು. ಮಗು ಹೇಗಿದೆ ಎಂದು ತಾಯಿ ಕಾಗದ ಬರೆದರೆ, ಇನ್ನೂ ಚಿಕಿತ್ಸೆ ನಡೆಯುತ್ತಿದೆ ಎಂಬ ಸುಳ್ಳು ಉತ್ತರ ಬಂತು. ಆ ಮಗು ಬೆಳೆದು ಸರ್ಕಾರದ ಮೇಲೆ ದಾವೆ ಹೂಡಿ 2007ರಲ್ಲಿ ಗೆದ್ದಿತು. ನ್ಯಾಯಾಲಯ 5,25,000 ಡಾಲರ್ ಪರಿಹಾರ ಕೊಡಿಸಿತು. ಮರುವರ್ಷವೇ ಅವರು ತೀರಿಕೊಂಡರು. ಆಗವರಿಗೆ 51 ವರ್ಷ.

ನೋವಿಗೆ ಬೆಲೆ ಕಟ್ಟಲಾಗದು ಎನ್ನುವವರು ಈ ತೀರ್ಪನ್ನು ಓದಬೇಕು. ಲಾರಿ ಗುದ್ದಿ ಕಾಲು ಕಳೆದುಕೊಂಡವರಿಗೆ ನ್ಯಾಯಾಲಯಗಳು ದಿನವೂ ಪರಿಹಾರ ನಿಗದಿ ಮಾಡುತ್ತವೆ. ಕಾಲು ಮರಳುತ್ತದೆಂದು ಅಲ್ಲಿ ಯಾರೂ ನಂಬಿರುವುದಿಲ್ಲ.

ಇನ್ನೊಂದು ವಾದ, ಇಂದಿನವರು ಈ ತಪ್ಪು ಮಾಡಿಲ್ಲ ಎಂಬುದು. ಈಚೆಗೆ ಮೆಲ್ಬರ್ನ್, ಸಿಡ್ನಿಗಳಿಗೆ ಹೋಗಿ ನೆಲೆಸಿದ ಕನ್ನಡಿಗರಿಗೂ ತಮ್ಮ ತೆರಿಗೆ ಹಣ ಇದಕ್ಕೇಕೆ ಎನ್ನಿಸಬಹುದು. ಆದರೆ ಇದು ವ್ಯಕ್ತಿಗಳ ಸಾಲವಲ್ಲ, ಸರ್ಕಾರದ್ದು. ಸರ್ಕಾರ ಬದಲಾದರೂ ಖಜಾನೆ ಬದಲಾಗುವುದಿಲ್ಲ. ಕ್ವೀನ್ಸ್‌ಲ್ಯಾಂಡ್ ಸರ್ಕಾರ ಮೂಲನಿವಾಸಿ ಕೂಲಿಕಾರರ ಸಂಬಳವನ್ನು ದಶಕಗಳ ಕಾಲ ತಾನೇ ಇಟ್ಟುಕೊಂಡಿತ್ತು. 2019ರಲ್ಲಿ 19 ಕೋಟಿ ಡಾಲರ್ ಕೊಡಲು ಒಪ್ಪಿದ್ದು ಜನ ಕೋರ್ಟಿಗೆ ಹೋದ ಮೇಲೆಯೇ. ಹಿಂದಿನವರ ಆಸ್ತಿ ನಮ್ಮದು, ಹಿಂದಿನವರ ಬಾಕಿ ನಮ್ಮದಲ್ಲ ಎಂದರೆ ಯಾವ ನ್ಯಾಯ?

ಬೇರೆ ದಾರಿಯೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದ್ದ ಜಪಾನಿ ಮೂಲದವರಿಗಾಗಿ ಅಮೆರಿಕ 1988ರಲ್ಲಿ ಮಾಡಿದ ಕಾನೂನಿನಲ್ಲಿ ಕ್ಷಮೆಯೂ ಇತ್ತು, ಬದುಕಿದ್ದ ಪ್ರತಿಯೊಬ್ಬರಿಗೆ 20,000 ಡಾಲರೂ ಇತ್ತು. ಕೆನಡಾದಲ್ಲಂತೂ ಮೂಲನಿವಾಸಿ ಮಕ್ಕಳನ್ನು ಕೂಡಿಹಾಕಿದ್ದ ವಸತಿ ಶಾಲೆಗಳ ಸಂತ್ರಸ್ತರಿಗೆ ಪರಿಹಾರದ ಒಪ್ಪಂದವಾದದ್ದು 2006ರಲ್ಲಿ. ಪ್ರಧಾನಿ ಹಾರ್ಪರ್ ಕ್ಷಮೆ ಕೇಳಿದ್ದು 2008ರಲ್ಲಿ.

ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ತನ್ನ ಆಡಳಿತದಲ್ಲಿದ್ದ ಪ್ರದೇಶಗಳ ಸಂತ್ರಸ್ತರಿಗೆ ತಲಾ 75,000 ಡಾಲರ್ ಘೋಷಿಸಿದ್ದು 2021ರ ಆಗಸ್ಟ್ 5ರಂದು. ಕ್ಷಮೆ ಕೇಳಿ ಹದಿಮೂರು ವರ್ಷ ಕಳೆದಿತ್ತು. ಆ ಘೋಷಣೆಗೂ ಮುನ್ನ ಸತ್ತವರ ಕುಟುಂಬಗಳಿಗೆ ಆ ಯೋಜನೆಯಲ್ಲಿ ಜಾಗವಿರಲಿಲ್ಲ. ಮುಪ್ಪಿನವರಿಗೆ ಕೊಡಬೇಕಾದದ್ದನ್ನು ತಡಮಾಡಿದಷ್ಟೂ ಕೊಡಬೇಕಾದವರ ಸಂಖ್ಯೆ ಇಳಿಯುತ್ತದೆ. ಈ ಲೆಕ್ಕ ಯಾವ ಅಧಿಕಾರಿಗೂ ಗೊತ್ತಿಲ್ಲದ್ದಲ್ಲ, ಅದಕ್ಕೇ ನನಗೆ ಸಿಟ್ಟು ಬರುವುದು.

2025ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ತಲಾ 85,000 ಡಾಲರ್ ಘೋಷಿಸಿದಾಗ, ಕಿತ್ತೊಯ್ದ ಮಕ್ಕಳಿಗೆ ಪರಿಹಾರ ಯೋಜನೆಯೇ ಇಲ್ಲದ ರಾಜ್ಯವಾಗಿ ಕ್ವೀನ್ಸ್‌ಲ್ಯಾಂಡ್ ಒಂದೇ ಉಳಿಯಿತು. ಅದು ಹೊಸ ಸಮಿತಿ ರಚಿಸುವುದು ಬೇಡ. 1997ರ ವರದಿಯಲ್ಲೇ ಪರಿಹಾರದ ಶಿಫಾರಸು ಇದೆ. ಬದುಕಿರುವವರಿಗೆ ತಕ್ಷಣ ಹಣ ಕೊಡಲಿ, ಸತ್ತವರ ಪಾಲನ್ನು ಅವರ ಮಕ್ಕಳಿಗೆ ಮುಟ್ಟಿಸಲಿ.