ಕುದುರೆಯೂ ಪರಿಮಳವೂ

ಅಶ್ವಗಂಧವೆಂಬ ಮೂಲಿಕೆಯ ಹೆಸರನ್ನು ಕೇಳದ ಗೃಹಸ್ಥರು ವಿರಳ. ಅದರ ಹಸಿಯ ಬೇರಿಗೆ ಕುದುರೆಯ ಮೈಯ ವಾಸನೆಯಿರುವುದರಿಂದ ಆ ಹೆಸರು ಬಂದಿತೆಂದು ವೈದ್ಯರು ಹೇಳುವರು. ಕುದುರೆಯ ವಾಸನೆ ನಮ್ಮ ಮೂಗಿಗೆ ಹೇಗಿರುವುದೆಂಬುದನ್ನು ಹಿರಿಯರು ಇಷ್ಟು ಲಕ್ಷ್ಯವಿಟ್ಟು ನೋಡಿದರು. ಆದರೆ ಕುದುರೆಯ ಮೂಗಿಗೆ ನಮ್ಮ ಪ್ರಪಂಚ ಹೇಗಿರುವುದೆಂಬುದನ್ನು ನಾನಂತೂ ಅರುವತ್ತು ವರ್ಷ ತುಂಬುವವರೆಗೆ ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದ್ದು ನಮ್ಮ ಹಿತ್ತಿಲಿಗೆ ಬಂದ ಒಂದು ಮುದಿ ಕುದುರೆ.

ನಮ್ಮ ಬಿಳಿಕೆರೆಯು ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಮೈಸೂರಿನಲ್ಲಿ ಬಹುಕಾಲ ಜಟಕಾ ಎಳೆದು ಕಾಲು ಸೋತ ಒಂದು ಹೆಣ್ಣು ಕುದುರೆಯನ್ನು ನನ್ನ ತಮ್ಮನ ಮಗನು ಕನಿಕರಪಟ್ಟು ಕೊಂಡುತಂದು, ದನದ ಕೊಟ್ಟಿಗೆಯ ಕೊನೆಯಲ್ಲಿ ಅದಕ್ಕೊಂದು ಪ್ರತ್ಯೇಕವಾದ ಲಾಯವನ್ನು ಕಟ್ಟಿಸಿದನು. ಗೋಡೆಗೆ ಸುಣ್ಣ, ನೆಲಕ್ಕೆ ಕಲ್ಲುಚಪ್ಪಡಿ, ದಿನವೂ ಎರಡಾವರ್ತಿ ಫಿನಾಯಿಲ್ ಹಾಕಿ ತೊಳೆಯುವ ಏರ್ಪಾಡು. ಬೇಯಿಸಿದ ಹುರುಳಿಗೂ ಹುಲ್ಲಿಗೂ ಕೊರತೆಯಿರಲಿಲ್ಲ. ಇಷ್ಟಾದರೂ ಹದಿನೈದು ದಿನಗಳೊಳಗಾಗಿ ಆ ಕುದುರೆಯು ಗೋದಲಿಯ ಹಲಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಗಾಳಿಯನ್ನು ನುಂಗುವುದಕ್ಕೂ, ಗಂಟೆಗಟ್ಟಲೆ ತಲೆಯನ್ನು ಅತ್ತಿಂದಿತ್ತ ತೂಗುತ್ತ ನಿಲ್ಲುವುದಕ್ಕೂ ಮೊದಲುಮಾಡಿತು. “ದೊಡ್ಡಪ್ಪ, ಇದಕ್ಕೆ ಏನೋ ದೃಷ್ಟಿ ತಗುಲಿರಬೇಕು” ಎಂದು ಹುಡುಗನು ಕಳವಳಗೊಂಡನು.

ಆಗ ನಾನು ಮಾಡಿದ ಕೆಲಸವನ್ನು ಮುಚ್ಚಿಡುವುದಿಲ್ಲ. ಸಂಜೆ ದೇವರಿಗೆ ಹಾಕಿದ ಸಾಂಬ್ರಾಣಿಯ ಧೂಪವನ್ನು ಲಾಯಕ್ಕೂ ಒಯ್ದು, ಬಾಗಿಲನ್ನು ಮುಂದಕ್ಕೆಳೆದು, ಒಳಗೆಲ್ಲ ಹೊಗೆ ತುಂಬುವಂತೆ ಮಾಡಿದೆನು. ಕುದುರೆಯು ಹಗ್ಗವನ್ನು ಜಗ್ಗಿತು, ಕೆಮ್ಮಿತು, ರಾತ್ರಿಯೆಲ್ಲ ಕೆಮ್ಮಿತು. ಮಾರನೆಯ ದಿನ ಬಂದ ಪಶುವೈದ್ಯರು ಸಂಗತಿಯನ್ನು ಕೇಳಿ, “ಮೇಷ್ಟ್ರೇ, ನೀವೂ ನಾನೂ ಮೂಗು ಕಟ್ಟಿದರೆ ಬಾಯಿಂದ ಉಸಿರಾಡಬಹುದು. ಕುದುರೆಗೆ ಆ ಅನುಕೂಲವಿಲ್ಲ. ಅದು ಉಸಿರಾಡುವುದೆಲ್ಲ ಮೂಗಿನಿಂದಲೇ. ಬೇಡದ ವಾಸನೆಯಿಂದ ತಪ್ಪಿಸಿಕೊಳ್ಳಲು ದೂರ ಹೋಗುವುದೊಂದೇ ಅದಕ್ಕಿರುವ ದಾರಿ. ನೀವು ಕಟ್ಟಿಹಾಕಿ ಹೊಗೆ ಹಾಕಿದ್ದೀರಿ” ಎಂದರು. ಮೂವತ್ತು ವರ್ಷ ಪಾಠ ಹೇಳಿದ ನಾನು ಅಂದು ವಿದ್ಯಾರ್ಥಿಯಂತೆ ತಲೆ ತಗ್ಗಿಸಿ ನಿಂತೆನು.

ಅಂದಿನಿಂದ ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆನು. ಕುದುರೆಯ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಅದು ಸುತ್ತಲಿನ ಬಯಲನ್ನು ಬಹುಮಟ್ಟಿಗೆ ನೋಡಬಲ್ಲುದು. ಆದರೆ ತನ್ನ ಮೂತಿಯ ಕೆಳಗಿರುವ ಹುಲ್ಲನ್ನೇ ನೋಡಲಾರದು. ಅಲ್ಲಿ ಅದಕ್ಕೆ ಮೂಗೂ ಮೂತಿಯ ಮೇಲಣ ಉದ್ದ ಕೂದಲೂ ಕಣ್ಣಿನ ಕೆಲಸವನ್ನು ಮಾಡುತ್ತವೆ. ಅಂದಕ್ಕೆಂದು ಆ ಕೂದಲನ್ನು ಕತ್ತರಿಸುವವರು ಇದನ್ನು ತಿಳಿಯತಕ್ಕದ್ದು. ಎರಡು ಕುದುರೆಗಳು ಸಂಧಿಸಿದರೆ ಮೊದಲು ಮೂಗಿಗೆ ಮೂಗನ್ನು ತಂದು ಒಂದರ ಉಸಿರನ್ನೊಂದು ಎಳೆದುಕೊಳ್ಳುತ್ತವೆ. ಲದ್ದಿಯನ್ನು ಮೂಸಿ, ಅದು ತನ್ನದೋ ಪರರದೋ ಎಂಬುದನ್ನು ಗುರುತಿಸುತ್ತವೆ. ಕೆಲವು ವೇಳೆ ಕುದುರೆಯು ಕತ್ತನ್ನು ಮುಂಚಾಚಿ ಮೇಲ್ದುಟಿಯನ್ನು ಮಡಿಚಿ ಹಲ್ಲು ಕಿರಿದು ನಿಲ್ಲುವುದನ್ನು ನೀವು ನೋಡಿರಬಹುದು. ಮಕ್ಕಳು “ಕುದುರೆ ನಗುತ್ತಿದೆ” ಎನ್ನುವರು. ಅದು ನಗೆಯಲ್ಲ, ಅಂಗುಳಿನ ಮೇಗಡೆ ಮೂಗಿನೊಳಗೆ ಅಡಗಿರುವ ಇನ್ನೊಂದು ಘ್ರಾಣೇಂದ್ರಿಯಕ್ಕೆ ವಾಸನೆಯನ್ನು ಮುಟ್ಟಿಸುವ ಉಪಾಯ. ಯಾಕೋಬ್ಸನ್ ಎಂಬ ಡೆನ್ಮಾರ್ಕಿನ ಪಂಡಿತನು 1813ರಲ್ಲಿ ಅದನ್ನು ವರ್ಣಿಸಿದನಾದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ.

ಇಂಥ ಮೂಗುಳ್ಳ ಪ್ರಾಣಿಯನ್ನು ಫಿನಾಯಿಲ್ಲಿನ ಒಂದೇ ವಾಸನೆಯೊಳಗೆ ಕಟ್ಟಿಹಾಕಿದರೆ, ಓದುವ ಚಟವಿರುವವನನ್ನು ಬರಿಯ ಗೋಡೆಯ ಮುಂದೆ ಕೂರಿಸಿದಂತೆಯೇ ಸರಿ. ನಮ್ಮ ಪ್ರಾಚೀನರು ಇದನ್ನು ಸ್ವಲ್ಪಮಟ್ಟಿಗೆ ಅರಿತಿದ್ದರೆಂದು ಕಾಣುತ್ತದೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಪ್ರಕರಣವೊಂದುಂಟು. ಲಾಯದ ನೆಲವು ನಯವಾದ ಹಲಗೆಯದಾಗಿರಬೇಕೆಂದು ಹೇಳಿ, ಅಲ್ಲಿ ಕೋತಿ, ನವಿಲು, ಚುಕ್ಕೆಜಿಂಕೆ, ಮುಂಗುಸಿ, ಚಕೋರ, ಗಿಳಿ, ಗೊರವಂಕಗಳೆಲ್ಲ ಇರಬೇಕೆಂದು ಆ ಪ್ರಕರಣವು ವಿಧಿಸುತ್ತದೆ. ವಿಷಜಂತುಗಳ ಭಯವೇ ಇದಕ್ಕೆ ಮುಖ್ಯ ಕಾರಣವೆಂದು ಹೇಳಬಹುದಾದರೂ, ಅಂಥ ಲಾಯದಲ್ಲಿ ಕುದುರೆಗೆ ಬೇಸರವೆಂಬುದು ಹತ್ತಿರ ಸುಳಿಯಲಾರದಷ್ಟೆ!

ಈಚಿನ ಪರೀಕ್ಷೆಗಳಲ್ಲಿ ಗೃಹಿಣಿಯರಿಗೆ ರುಚಿಸುವಂಥದು ಒಂದಿದೆ. 2005ರಲ್ಲಿ ಪ್ರಕಟವಾದ, ಇಂಗ್ಲೆಂಡಿನಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಲಾಯದ ಕುದುರೆಗಳ ಆಹಾರಕ್ಕೆ ಹದಿನೈದು ಬಗೆಯ ಪರಿಮಳಗಳನ್ನು ಬೇರೆಬೇರೆಯಾಗಿ ಬೆರಸಿ ಇಟ್ಟರು. ಅವು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚಿದ್ದು ನಮ್ಮ ಒಗ್ಗರಣೆಯ ಡಬ್ಬಿಯ ಮೆಂತ್ಯವನ್ನು! ಬಾಳೆಹಣ್ಣಿನದು ಎರಡನೆಯ ಸ್ಥಾನ. ಜೀರಿಗೆಯೂ ಮೆಚ್ಚಿನ ಪಂಕ್ತಿಯಲ್ಲಿಯೇ ಇತ್ತು. ಕೊತ್ತಂಬರಿಯನ್ನೂ ಜಾಯಿಕಾಯನ್ನೂ ಹಾಕಿದ್ದನ್ನು ಪೂರ್ತಿಯಾಗಿ ತಿನ್ನದೆ ಬಿಟ್ಟವು. ಸಾರಿನ ಪುಡಿಯ ವಿಷಯದಲ್ಲಿ ಕುದುರೆಗೂ ನಮಗೂ ಅರ್ಧ ಮಾತ್ರ ಒಮ್ಮತವೆನ್ನಬಹುದು. ಅಮೆರಿಕದ ಅರಿಜೋನಾ ವಿಶ್ವವಿದ್ಯಾನಿಲಯದವರು ಲ್ಯಾವೆಂಡರ್ ಎಂಬ ಹೂವಿನ ತೈಲವನ್ನು ಮೂಸಿಸಿ ಕುದುರೆಗಳ ಹೃದಯದ ಬಡಿತವನ್ನು ಅಳೆದು 2018ರಲ್ಲಿ ಪ್ರಕಟಿಸಿದರು. ಮೂಸುತ್ತಿರುವಷ್ಟು ಹೊತ್ತು ಅವು ಶಾಂತವಾಗಿದ್ದವು; ತೈಲವನ್ನು ತೆಗೆದೊಡನೆ ಆ ಗುಣವೂ ಹೋಯಿತು. ಸುಗಂಧವನ್ನು ದಿವ್ಯೌಷಧವೆಂದು ಮಾರುವವರ ಮಾತನ್ನು ಎಷ್ಟು ನಂಬಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನೊಂದು ಪರೀಕ್ಷೆಯು ನಾಗರಹೊಳೆಯ ಕಾಡಿಗೆ ಸಮೀಪದಲ್ಲಿರುವ ನಮ್ಮಂಥವರಿಗೆ ಸಲ್ಲತಕ್ಕದ್ದು. 2008ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ತೋಳನ ತುಪ್ಪಳದ ವಾಸನೆಯನ್ನು ಇಟ್ಟಾಗ ಸಾಕಿದ ಕುದುರೆಗಳು ಎಚ್ಚರವಾದುವೇ ಹೊರತು ಬೆದರಲಿಲ್ಲ. ಆದರೆ ಅದೇ ವಾಸನೆಯಿರುವಾಗ ಹಠಾತ್ತಾಗಿ ಸದ್ದೊಂದನ್ನು ಮಾಡಿದರೆ, ಬರಿಯ ಸದ್ದಿಗೆ ಬೆದರುವುದಕ್ಕಿಂತ ಹೆಚ್ಚಾಗಿ ಬೆದರಿದುವು. ದಸರೆಗೆ ಮುಂಚೆ ಮೈಸೂರಿನಲ್ಲಿ ಆನೆಗಳನ್ನೂ ಅಶ್ವಾರೋಹಿ ದಳದ ಕುದುರೆಗಳನ್ನೂ ಕುಶಾಲತೋಪಿನ ತಾಲೀಮಿಗೆ ತಂದು ನಿಲ್ಲಿಸುವುದುಂಟಷ್ಟೆ. ಅಲ್ಲಿ ಅವು ಸದ್ದಿನೊಡನೆ ಮದ್ದಿನ ವಾಸನೆಯನ್ನೂ ಕಲಿಯುತ್ತವೆಂದು ನನಗೆ ಈಗ ತೋರುತ್ತದೆ.

ನಾವು ಮಾಡಿದ ಕ್ರಮವನ್ನು ಹೇಳುವೆನು. ಮೊದಲು ಫಿನಾಯಿಲನ್ನು ನಿಲ್ಲಿಸಿ ಬರಿಯ ನೀರಿನಿಂದ ತೊಳೆಯಿಸಿದೆವು. ತರುವಾಯ ದಿನಕ್ಕೊಂದರಂತೆ ಹಳೆಯ ಬಟ್ಟೆಯ ತುಂಡಿನಲ್ಲಿ ಒಂದೊಂದು ಪದಾರ್ಥವನ್ನು ಸಡಿಲವಾಗಿ ಕಟ್ಟಿ, ಗೋದಲಿಯಿಂದ ದೂರವಾಗಿ, ಕುದುರೆಯು ಬೇಕಾದರೆ ಬಂದು ಮೂಸುವಂತೆಯೂ ಬೇಡವಾದರೆ ಮುಖ ತಿರುಗಿಸಿ ಹೋಗುವಂತೆಯೂ, ಹಗ್ಗವನ್ನು ಬಿಚ್ಚಿ, ಕಾಲುಗಂಟೆಯ ಹೊತ್ತು ಇಡುತ್ತಿದ್ದೆವು. ಮೂಗಿಗೆ ಹಚ್ಚುವುದು, ಮೈಗೆ ತೈಲ ಸವರುವುದು, ಹೊಗೆ ಹಾಕುವುದು ಯಾವುದೂ ಕೂಡದು. ಪಂದ್ಯದ ಕುದುರೆಗಳನ್ನು ಸಾಕುವವರು ಪಶುವೈದ್ಯರನ್ನು ಕೇಳದೆ ಏನನ್ನೂ ಇಡಬಾರದು. ಕರ್ಪೂರದಂಥದು ಕೂಡ ಅಂತಾರಾಷ್ಟ್ರೀಯ ಅಶ್ವಕ್ರೀಡೆಗಳಲ್ಲಿ ನಿಷಿದ್ಧ ಪದಾರ್ಥಗಳ ಪಟ್ಟಿಯಲ್ಲಿದೆ. ಇನ್ನು, ಪೂಜೆಯ ಹೂವಿಗೆಂದು ಎಲ್ಲರ ಹಿತ್ತಿಲಲ್ಲಿಯೂ ಬೆಳೆಯುವ ಕಣಗಿಲೆಯನ್ನು ಲಾಯದ ಬಳಿ ಸೇರಿಸಲೇಬಾರದು. ಅಮರಕೋಶದಲ್ಲಿ ಅದಕ್ಕೆ ‘ಹಯಮಾರಕ’ ಎಂದು ಹೆಸರು. ಕುದುರೆಯನ್ನು ಕೊಲ್ಲುವುದು ಎಂದರ್ಥ. ಅದರ ಕೆಲವೇ ಎಲೆಗಳು ಕುದುರೆಯ ಪ್ರಾಣವನ್ನು ತೆಗೆಯಬಲ್ಲವು. ನೂರಾರು ಹುಡುಗರಿಗೆ ಆ ಶಬ್ದವನ್ನು ಬಾಯಿಪಾಠ ಮಾಡಿಸಿದ ನಾನು, ನಮ್ಮ ಲಾಯದ ಹಿಂದೆಯೇ ಇದ್ದ ಕಣಗಿಲೆಯ ಗಿಡವನ್ನು ಕೀಳಿಸಿದ್ದು ಈ ವರ್ಷ!

ಮೆಂತ್ಯದ ಗಂಟನ್ನು ನಮ್ಮ ಕುದುರೆಯು ಮೂತಿಯಿಂದ ತಳ್ಳಿ ತಳ್ಳಿ ಆಡಿತು. ಲಾವಂಚದ ಬೇರಿನೆದುರು ಬಹಳ ಹೊತ್ತು ಸುಮ್ಮನೆ ನಿಂತಿತು. ದವನವನ್ನು ಒಮ್ಮೆ ಮೂಸಿ ಸೀನಿ ಹಿಂದೆ ಸರಿಯಿತು. ಅದನ್ನು ಮತ್ತೆ ಇಡಲಿಲ್ಲ. ಒಂದೇ ಪದಾರ್ಥವನ್ನು ಮೂರು ದಿನ ಇಟ್ಟರೆ ನಾಲ್ಕನೆಯ ದಿನ ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲವಾದ್ದರಿಂದ ಬದಲಾಯಿಸುತ್ತ ಬಂದೆವು. ತಲೆ ತೂಗುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಹಲಗೆ ಕಚ್ಚುವುದಂತೂ ಹಾಗೆಯೇ ಇತ್ತು.

ಒಂದು ದಿನ ಮೈಸೂರಿಗೆ ಹೋಗಿದ್ದ ತಮ್ಮನ ಮಗನು ಪರಿಚಿತನಾದ ಜಟಕಾ ಸಾಬಿಯ ಹತ್ತಿರ ಅವನ ಕುದುರೆಯ ಮೈ ಉಜ್ಜಿದ ಗೋಣಿತಟ್ಟನ್ನು ಬೇಡಿ ತಂದನು. ಅದನ್ನು ಲಾಯದ ಬಾಗಿಲಿಗೆ ತೂಗುಹಾಕುವುದಕ್ಕೆ ಮುಂಚೆಯೇ ನಮ್ಮ ಕುದುರೆಯು ಕಿವಿ ನಿಮಿರಿಸಿ ಕೆನೆಯಿತು. ಬಂದ ದಿನದಿಂದ ಅದರ ಕೆನೆತವನ್ನು ನಾವು ಕೇಳಿರಲಿಲ್ಲ. ಮೂಸಿತು, ತುಟಿ ಮಡಿಚಿತು, ಪುನಃ ಮೂಸಿತು. ಕಾಲುಗಂಟೆಯಾದ ಮೇಲೆ ತೆಗೆಯಹೋದರೆ ತಟ್ಟಿನ ಅಂಚನ್ನು ಹಲ್ಲಿನಲ್ಲಿ ಹಿಡಿದು ಬಿಡಲಿಲ್ಲ. “ತಾತ, ಅದನ್ನು ಅಲ್ಲೇ ಬಿಡಿ” ಎಂದಳು ಮೊಮ್ಮಗಳು. ಬಿಟ್ಟೆವು. ರಾತ್ರಿ ಲಾಂದ್ರ ಹಿಡಿದು ನೋಡಿದಾಗ, ಕುದುರೆಯು ಆ ಗೋಣಿತಟ್ಟಿಗೆ ಮೂತಿಯನ್ನಾನಿಸಿಕೊಂಡು, ಒಂದು ಹಿಂಗಾಲನ್ನು ಸಡಿಲಬಿಟ್ಟು, ನಿಂತಲ್ಲೇ ನಿದ್ರಿಸುತ್ತಿತ್ತು.

ತಮ್ಮನ ಮಗನು ಬಹಳ ಹೊತ್ತು ಏನೂ ಹೇಳದೆ ನಿಂತಿದ್ದನು. ಮುಂದಿನ ಸೋಮವಾರ ಆ ಸಾಬಿಯ ಮನೆಯವರ ಇನ್ನೊಂದು ಮುದಿ ಕುದುರೆಯನ್ನು ನೋಡಿಬರಲು ಹೊರಟಿದ್ದಾನೆ. ಲಾಯದ ನಡುಗೋಡೆಯನ್ನು ಎದೆಯ ಮಟ್ಟಕ್ಕೆ ಇಳಿಸಲು ಗಾರೆಯವನಿಗೆ ನಿನ್ನೆಯೇ ಹೇಳಿಯಾಗಿದೆ.